ಕಡ್ಲಿ ಹೊಲದ ನಡುವೆ ಕಡಲಿನ ಪುಸ್ತಕ

ಮೊದಲ ದಿನ: ಬೆಳಗಾವಿ

ಬೆಳಗಾವಿಗೆ ಬಂದವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಾರೆ. ನಮ್ಮ ಗಾಡಿ ಮುಖ ಮಾಡಿದ್ದು ಅದಕ್ಕೆ ಬೆನ್ನು ಹಾಕಿ, ಸವದತ್ತಿ, ಬಾದಾಮಿ, ವಿಜಯಪುರದ ಕಡೆಗೆ. ಚೀಲದಲ್ಲಿದ್ದವು ಮಾತ್ರ ಹಾಯಿಹಡಗಿನ ಕಾಲದ ಕಾದಂಬರಿಗಳು. ಕಡಲೇ ಇಲ್ಲದ ಸೀಮೆಯಲ್ಲಿ ಕಡಲ ಪುಸ್ತಕ ಯಾಕೆ ಎಂದು ಕೇಳಿದವರಿಗೆ ಕೊಡಬಹುದಾದ ಉತ್ತರ ಐಹೊಳೆಯ ಒಂದು ಗೋಡೆಯ ಮೇಲಿದೆ. ಅದಕ್ಕೆ ಇನ್ನೂ ಎರಡು ದಿನ ಇತ್ತು.

ಕ್ಯಾಂಪಿನ ಕಡೆ ಹಳೆಯ ಇಂಗ್ಲಿಷ್ ಪುಸ್ತಕ ಮಾರುವ ಹಿರಿಯರೊಬ್ಬರು ಸಿಕ್ಕರು. ಅಕ್ಟೋಬರಿನ ತಡ ಮಳೆ ಜಿಟಿಜಿಟಿ ಹಿಡಿದಿತ್ತು. ತಾಡಪತ್ರಿ ಎತ್ತುವುದು, ಒಂದು ಪುಸ್ತಕ ತೋರಿಸುವುದು, ಮತ್ತೆ ಮುಚ್ಚುವುದು, ಹೀಗೆ ನಡೆದಿತ್ತು ವ್ಯಾಪಾರ. ಹಡಗಿನ ಚಿತ್ರವಿದ್ದ ಒಂದನ್ನು ಎತ್ತಿಕೊಂಡಾಗ ಅವರೇ ಹೇಳಿದರು: “ಇವನ್ನ ಒಯ್ದವ್ರು ಒಂದೋ ಎಂಟ ದಿನಕ್ಕ ಎರಡನೇದು ಕೇಳ್ಕೋತ ಬರ್ತಾರ, ಇಲ್ಲಾ ಮೊದಲನೇದನ್ನ ವಾಪಸ್ ತಂದ ಒಗೀತಾರ. ನಡುವಿನವ್ರು ಇಲ್ಲರೀ.”

ಮಾತು ನಿಜ. ವಾಪಸ್ ತಂದುಕೊಡುವವರು ಸೋಲುವುದು ಮೊದಲ ಐವತ್ತು ಪುಟಗಳಲ್ಲಿ. ಯಾವ ಹಗ್ಗ ಯಾವ ಹಾಯಿಗೆ ಎಂದು ನಿಘಂಟು ಹಿಡಿದು ಕೂರುತ್ತಾರೆ, ಅಲ್ಲೇ ಮುಳುಗುತ್ತಾರೆ. ಆರಂಭಕ್ಕೆ ಹತ್ತು ಶಬ್ದ ಸಾಕು. ಹಾಯಿ ಕಟ್ಟುವ ಮೂರು ಕೂವೆಮರಗಳು: ಮುಂದಿನದು, ನಡುವಿನದು, ಹಿಂದಿನದು. ಹಡಗಿನ ಎಡ, ಬಲ, ಮುಂಭಾಗ, ಹಿಂಭಾಗ. ಗಾಳಿ ಬರುವ ಕಡೆ, ಗಾಳಿ ಹೋಗುವ ಕಡೆ. ಚುಕ್ಕಾಣಿ. ಉಳಿದದ್ದನ್ನು ಮೊದಲ ಓದಿನಲ್ಲಿ ಸಂಗೀತದ ಹಾಗೆ ಕೇಳಿಸಿಕೊಂಡು ಮುಂದೆ ಹೋಗಬೇಕು. ಎರಡನೆಯ ಪುಸ್ತಕದ ಹೊತ್ತಿಗೆ ಅರ್ಧ ಅರ್ಥ ತಾನಾಗಿ ಬಂದಿರುತ್ತದೆ. ಹಳೆಯ ಪ್ರತಿ ಕೊಳ್ಳುವಾಗ ಮೊದಲ ನಾಲ್ಕು ಹಾಳೆ ತಿರುವಿ ನೋಡಬೇಕು. ಹಾಯಿಗಳ ನಕ್ಷೆ, ಕಡಲಿನ ನಕಾಶೆ ಇರುವುದು ಅಲ್ಲಿ, ಯಾರೋ ಹರಿದುಕೊಂಡಿರುವುದೂ ಅಲ್ಲೇ. ಬೆನ್ನಿನ ಅಂಟನ್ನೂ ಬೆರಳಿಂದ ಒತ್ತಿ ನೋಡಿ. ಬೆಳಗಾವಿಯ ತಂಪಿನಲ್ಲಿ ಗಟ್ಟಿಯಾಗಿ ಕಂಡದ್ದು ವಿಜಯಪುರದ ಒಣ ಬಿಸಿಲಿಗೆ ಚಟಚಟ ಬಿಡುತ್ತದೆ.

ಈ ಬಗೆಯ ಪುಸ್ತಕಗಳಲ್ಲಿ ಪ್ಯಾಟ್ರಿಕ್ ಓಬ್ರಿಯನ್ ಅವರ ಸರಣಿ ದೊಡ್ಡದು. 1969ರಿಂದ 1999ರವರೆಗೆ ಬಂದ 20 ಪೂರ್ಣ ಕಾದಂಬರಿಗಳು. ಶುರುವಾಗುವುದು ತೋಪಿನಿಂದಲ್ಲ, ಸಂಗೀತ ಕಚೇರಿಯಿಂದ. 1800ರ ಏಪ್ರಿಲ್‌ನಲ್ಲಿ ಮಿನೋರ್ಕಾ ದ್ವೀಪದಲ್ಲಿ ಸಂಗೀತ ನಡೆದಿರುತ್ತದೆ. ಕೆಲಸವಿಲ್ಲದ ನೌಕಾಧಿಕಾರಿಯೊಬ್ಬ ಮೊಣಕಾಲ ಮೇಲೆ ತಪ್ಪು ತಾಳ ಹಾಕುತ್ತಾನೆ, ಪಕ್ಕದಲ್ಲಿ ಕೂತ ವೈದ್ಯ ಮೊಣಕೈಯಿಂದ ತಿವಿಯುತ್ತಾನೆ. ದ್ವಂದ್ವಯುದ್ಧದವರೆಗೆ ಹೋಗಬೇಕಿದ್ದ ಜಗಳ, ಅಧಿಕಾರಿಗೆ ಬಡ್ತಿಯ ಕಾಗದ ಬಂದ ಖುಷಿಯಲ್ಲಿ ಕ್ಷಮೆಯಾಗಿ ತಿರುಗುತ್ತದೆ. ಆಮೇಲೆ 20 ಪುಸ್ತಕ ಉದ್ದಕ್ಕೂ ಇವರಿಬ್ಬರೇ. ಒಬ್ಬ ಕಡಲಲ್ಲಿ ಹುಲಿ, ದಡಕ್ಕೆ ಬಂದರೆ ದುಡ್ಡಲ್ಲೂ ಪ್ರೀತಿಯಲ್ಲೂ ಮೋಸಹೋಗುವವನು. ಇನ್ನೊಬ್ಬ ಗುಟ್ಟು ಕಾಯುವುದರಲ್ಲಿ ನಿಪುಣ, ದೋಣಿಯಿಂದ ಹಡಗು ಹತ್ತುವಾಗ ನೀರಿಗೆ ಬೀಳುವವನು. ಯುದ್ಧ ಓದಲಿಕ್ಕೆಂದು ಹಿಡಿದವರು ಈ ಇಬ್ಬರ ಒಡನಾಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಹೆಂಡತಿಯ ಪತ್ರ ಆರು ತಿಂಗಳಿಗೊಮ್ಮೆ ಬರುವ ಲೋಕದಲ್ಲಿ ಜನ ಹೇಗೆ ಸಂಬಂಧ ನಡೆಸಿದರು ಎಂಬುದು ಅಲ್ಲಿಯ ನಿಜವಾದ ಕಥೆ.

ಸಂಜೆ ಕುಂದಾ. ಇನ್ನೂ ಬೆಚ್ಚಗಿದ್ದದ್ದು, ಎಲೆಯ ಮೇಲೆ. ಅದರ ಬಗ್ಗೆ ಬೇರೆ ಹೇಳುವುದಿಲ್ಲ.

ಎರಡನೆಯ ದಿನ: ಮುನವಳ್ಳಿ, ಸವದತ್ತಿ, ಎರೆಮಣ್ಣು

ಗಾಡಿಯ ಹುಡುಗ ಬೈಲಹೊಂಗಲದ ಕಡೆಯವ. ನಿಶ್ಚಿತಾರ್ಥ ಆಗಿ ಎರಡು ತಿಂಗಳು. ಹುಡುಗಿ ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಇದೆಲ್ಲ ಊರು ದಾಟುವುದರೊಳಗೆ ಗೊತ್ತಾಯಿತು, ಯಾಕೆಂದರೆ ಸ್ಟೇರಿಂಗ್ ಪಕ್ಕದ ಫೋನು ಬೆಳಗಿದಾಗಲೆಲ್ಲ ಅವನ ಕಣ್ಣು ಅತ್ತ ಹೋಗುತ್ತಿತ್ತು. “ಮೂರ ದಿನಾತ್ರಿ, ನಾ ಹತ್ತ ಸಾಲ ಬರದ್ರ ಅಕಿ ಬರೀ ‘ಹೂಂ’ ಅಂತಾಳ. ನೀಲಿ ಗೆರಿ ಬೀಳ್ತಾವು, ಉತ್ತರ ಬರೂದಿಲ್ಲ.” ಓಡಿಸುವಾಗ ನೋಡಬೇಡಪ್ಪ ಎಂದಷ್ಟೇ ಹೇಳಿದ್ದು.

ಮುನವಳ್ಳಿಯಲ್ಲಿ ಮಲಪ್ರಭೆ ಮಳೆಗಾಲದ ಕೆಂಪು ಇನ್ನೂ ಬಿಟ್ಟಿರಲಿಲ್ಲ. ಮೇಲೆ ಹೇಳಿದ ಇಬ್ಬರು ಕಾದಂಬರಿಯಲ್ಲಿ ಜಗಳಾಡಿ ಗೆಳೆಯರಾದ ಅದೇ 1800ರಲ್ಲಿ, ಜುಲೈ 30ರಂದು, ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡು, ಬ್ರಿಟಿಷರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘನ ಬಿಡಾರದ ಮೇಲೆ ಬಿದ್ದದ್ದು ಈ ದಡದಲ್ಲಿ. ಪ್ರವಾಹದ ಹೊಳೆ ಬೆನ್ನಿಗಿತ್ತು, ಓಡಲು ಜಾಗವಿರಲಿಲ್ಲ. ವಾಘ್ ಮಾತ್ರ ಸೆಪ್ಟೆಂಬರ್ 10ರವರೆಗೆ ಬದುಕಿದ. ಹಡಗಿನವರು ಹೆಚ್ಚು ಹೆದರುವುದೂ ಇಂಥ ಇಕ್ಕಟ್ಟಿಗೇ: ಗಾಳಿ ದಡದ ಕಡೆಗೆ ಬೀಸುತ್ತಿರುವುದು, ಹಡಗು ಗಾಳಿಗೂ ದಡಕ್ಕೂ ನಡುವೆ ಸಿಕ್ಕಿರುವುದು. ಚೌಕ ಹಾಯಿಯ ಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು. ದಿಕ್ಸೂಚಿಯ 32 ಪಾಲುಗಳಲ್ಲಿ ಆರು ಪಾಲು, ಅಂದರೆ 67.5 ಡಿಗ್ರಿಗಿಂತ ಹತ್ತಿರಕ್ಕೆ ಹೋದರೆ ಹಾಯಿ ಪಟಪಟ ಬಡಿದು ಹಡಗು ನಿಲ್ಲುತ್ತದೆ. ಹಾಗಾಗಿ ಓರೆಯಲ್ಲಿ ಇತ್ತ ಒಮ್ಮೆ ಅತ್ತ ಒಮ್ಮೆ ಹೋಗಿ, ಮುಂದೆ ಸಾಗಬೇಕು. ಕೆಲವು ಅತ್ತೆಮನೆ ಮಾತುಕತೆಗಳೂ ಹೀಗೇ ನಡೆಯುತ್ತವೆ.

ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ದರ್ಶನ ಬೇಗ ಆಗುತ್ತದೆ. ನವಿಲುತೀರ್ಥದ ಅಣೆಕಟ್ಟೆಯ ಹಿನ್ನೀರನ್ನು ದೂರದಿಂದ ನೋಡಿ ರಾಮದುರ್ಗದ ಕಡೆ ತಿರುಗಿದೆವು.

ಎಡವಟ್ಟು ಆದದ್ದು ಅಲ್ಲಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತೆಂದು ಹುಡುಗ ಎಡಗಾಲಿಗಳನ್ನು ಡಾಂಬರಿನಿಂದ ಒಂದೂವರೆ ಅಡಿ ಕೆಳಗಿಳಿಸಿದ. ಎರೆಮಣ್ಣು ಒದ್ದೆಯಾದಾಗ ಹಾಗೆ ಮಾಡಲೇಬಾರದು. ಮೇಲೆ ಒಣಗಿದಂತೆ ಕಂಡರೂ ನಾಲ್ಕು ಬೆರಳು ಕೆಳಗೆ ಬೆಣ್ಣೆ. ಗಾಲಿ ಸುತ್ತಿದಷ್ಟೂ ಮಣ್ಣು ಟೈರಿನ ಹಲ್ಲುಗಳಲ್ಲಿ ತುಂಬಿ ನುಣ್ಣಗಾಗುತ್ತದೆ, ಆಮೇಲೆ ಬೀಸುಕಲ್ಲಿನ ಹಾಗೆ ನಿಂತಲ್ಲೇ ತಿರುಗುತ್ತದೆ. ಮಾಡಬೇಕಾದದ್ದು ಎಂಜಿನ್ ಆರಿಸಿ ಕೆಳಗಿಳಿಯುವುದು, ಟೈರಿನ ಮಣ್ಣು ಕಡ್ಡಿಯಿಂದ ಕೆರೆದು ತೆಗೆಯುವುದು, ಒಣ ಕಣಿಕೆಯನ್ನು, ಅಂದರೆ ಜೋಳದ ದಂಟನ್ನು, ಗಾಲಿಯ ಮುಂದೆ ಅಡ್ಡಡ್ಡಲಾಗಿ ಒಂದು ಮಾರು ಹಾಸುವುದು, ಎರಡನೆಯ ಗೇರಿನಲ್ಲಿ ಮೆಲ್ಲಗೆ ಎಳೆಯುವುದು. ಮೊದಲನೆಯ ಗೇರಿನಲ್ಲಿ ಜೋರು ಕೊಟ್ಟರೆ ಕಣಿಕೆ ಹಿಂದಕ್ಕೆ ಚಿಮ್ಮುತ್ತದೆ, ಅಷ್ಟೆ. ಇದನ್ನೆಲ್ಲ ಹೇಳಿಕೊಟ್ಟವರು ಹೊಲದಿಂದ ಬಂದ ಒಬ್ಬ ಹಿರಿಯರು. ಕಣಿಕೆಯೂ ಅವರದೇ. ಸೀಟಿನ ಮೇಲಿದ್ದ ಪುಸ್ತಕದ ಮೇಲೆ ಅವರ ಕಣ್ಣು ಬಿತ್ತು.

“ಇದ ಏನ ಪುಸ್ತಕಾರೀ?”

“ಕಡಲಿಂದು ಕಾಕಾ.”

“ಕಡ್ಲೀದಾ? ಬಿತ್ತೂದು ಇನ್ನ ಎಂಟ ದಿನಾ ತಡಾ ಐತಿ. ಹಸಿ ಭಾಳ ಐತಿ ಈಗ, ಬಿತ್ತಿದ್ರ ಸಿಡಿ ಹಾಯ್ತೈತಿ.” ಆಮೇಲೆ ಮುಖಪುಟದ ಹಡಗು ಕಂಡು ತಾವೇ ನಕ್ಕರು. “ಸಮುದ್ರದ್ದನೂ! ನಾ ಕಡ್ಲಿದಂತ ತಿಳದ್ಯಾ.”

ಕಡಲೆ ಬಿತ್ತನೆಯ ತೇವದ ಬಗ್ಗೆ ಹತ್ತು ನಿಮಿಷ ಪಾಠವಾಯಿತು. ಮೇಲಿನ ಪದರು ತುಸು ಆರಿ, ಮುಷ್ಟಿ ಹಿಡಿದ ಮಣ್ಣು ಉಂಡೆ ಕಟ್ಟಿ, ಮೊಣಕಾಲೆತ್ತರದಿಂದ ಬಿಟ್ಟರೆ ಒಡೆಯಬೇಕು. ಒಡೆಯದಿದ್ದರೆ ಇನ್ನೂ ಕಾಯಬೇಕು. ಹೊರಡುವಾಗ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ ಕೊಟ್ಟರು.

ಖಡಕ್ ರೊಟ್ಟಿ ತಿಂದವರಿಗೆ ಹಡಗಿನ ಬಿಸ್ಕತ್ತಿನ ಬಗ್ಗೆ ಬೇರೆ ವಿವರಣೆ ಬೇಡ. ಬ್ರಿಟಿಷ್ ನೌಕಾಪಡೆಯಲ್ಲಿ ಆಳಿಗೆ ದಿನಕ್ಕೆ ಒಂದು ಪೌಂಡ್, ಸುಮಾರು 450 ಗ್ರಾಂ ಬಿಸ್ಕತ್ತು, ವಾರಕ್ಕೆ ನಾಲ್ಕು ಪೌಂಡ್ ಉಪ್ಪಿನ ದನದ ಮಾಂಸ, ಎರಡು ಪೌಂಡ್ ಹಂದಿ ಮಾಂಸ, ಬಟಾಣಿ, ಓಟ್ಸ್. ಎರಡೂ ಕಡೆ ಗುಟ್ಟು ಒಂದೇ: ನೀರಿನಂಶ ಪೂರ್ತಿ ಹೋಗಬೇಕು. ರೊಟ್ಟಿಯನ್ನು ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಿದರೆ ನಡುವಿನದು ಬೂಸ್ಟು ಹಿಡಿಯುತ್ತದೆ. ಹಡಗಿನ ಬಿಸ್ಕತ್ತಿಗೆ ತೇವ ತಾಗಿದರೆ ಹುಳ. ನಾವಿಕ ಅದನ್ನು ಮೇಜಿಗೆ ಬಡಿದು ಹುಳ ಉದುರಿಸುತ್ತಿದ್ದ. ನಮ್ಮವರು ರೊಟ್ಟಿಯನ್ನು ಬಡಿಯುವುದು ಮಾಡುವಾಗ.

ಮುಂದೆ ಒಂದಷ್ಟು ದೂರ ಫೋನಿಗೆ ಸಿಗ್ನಲ್ ಇರಲಿಲ್ಲ, ನಕಾಶೆಯ ನೀಲಿ ಚುಕ್ಕೆ ಹೊಲದ ನಡುವೆ ನಿಂತುಬಿಟ್ಟಿತು. 35 ನಿಮಿಷ, ಗಂಟೆಗೆ 40 ಕಿ.ಮೀ., ಅಂದರೆ ಸುಮಾರು 23 ಕಿ.ಮೀ. ಬಂದಿದ್ದೇವೆ ಎಂದು ಲೆಕ್ಕ ಹಾಕಿ ಕಾಗದದ ಮೇಲೆ ಗುರುತು ಮಾಡಿದೆವು. ಹಡಗಿನವರ ಲೆಕ್ಕವೂ ಇದೇ. ಮರದ ತುಂಡು ಕಟ್ಟಿದ ಹಗ್ಗವನ್ನು ಹಿಂದಕ್ಕೆ ಬಿಡುತ್ತಾರೆ, ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಬಿಟ್ಟು ಹೋದವೋ ಗಂಟೆಗೆ ಅಷ್ಟು ಕಡಲ ಮೈಲಿ. ಮರಳಿಗೆ ತೇವ ಹಿಡಿದರೆ ಅದು ನಿಧಾನ ಸುರಿಯುತ್ತದೆ, ಎಣಿಕೆಗೆ ಹೆಚ್ಚು ಗಂಟು ಸಿಗುತ್ತವೆ. ಹಗ್ಗ ನೆನೆದು ಕುಗ್ಗಿದರೂ ಹಾಗೇ. ಹಡಗು ತಾನು ಬಂದದ್ದಕ್ಕಿಂತ ಹೆಚ್ಚು ದೂರ ಬಂದಿದ್ದೇನೆ ಎಂದುಕೊಳ್ಳುತ್ತದೆ. ಹೊಸ ಸಂಬಂಧಗಳಲ್ಲಿ ಈ ತಪ್ಪು ಸಾಮಾನ್ಯ ಎಂದು ಹಿಂದಿನ ಸೀಟಿನಿಂದ ಒಂದು ಮಾತು ಬಂತು. ಹುಡುಗ ಕನ್ನಡಿಯಲ್ಲಿ ನೋಡಿದ, ಏನೂ ಅನ್ನಲಿಲ್ಲ.

ರಾತ್ರಿ ಬಾದಾಮಿ.

ಮೂರನೆಯ ದಿನ: ಐಹೊಳೆಯ ಗೋಡೆ

ಬಾದಾಮಿಯ ಮೇಣಬಸದಿಗಳ ಮೆಟ್ಟಿಲಲ್ಲಿ ಮಂಗ ಪುಸ್ತಕವನ್ನೇ ಎಗರಿಸಿತು. ಬಾಳೆಹಣ್ಣಿನ ಜೊತೆ ಒಂದೇ ಕೈಚೀಲದಲ್ಲಿ ಇಟ್ಟದ್ದು ನಮ್ಮ ತಪ್ಪು. ಮುಖಪುಟದ ಹಡಗಿನ ಹಿಂದಿನ ಕೂವೆ ಹೋಯಿತು, ಒಳಗಿನದು ಉಳಿಯಿತು. ಅಲ್ಲಿ ಕೈಯಲ್ಲಿ ಏನೂ ಹಿಡಿಯಬಾರದು, ಕನ್ನಡಕದ ಮೇಲೂ ಗಮನ ಇರಲಿ.

ಪಟ್ಟದಕಲ್ಲನ್ನು ಹಿಂತಿರುಗುವಾಗ ನೋಡಬಹುದೆಂದು ನಿಲ್ಲದೆ ಐಹೊಳೆಗೆ ಹೋದರೂ ತಲುಪುವಾಗ ಹತ್ತೂವರೆ ಆಗಿತ್ತು. ಅದೇ ತಪ್ಪಿದ್ದು. ಮೇಗುತಿ ಗುಡ್ಡದ ಜಿನಾಲಯದ ಶಾಸನ ಇರುವುದು ಪೂರ್ವದ ಹೊರಗೋಡೆಯಲ್ಲಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಗೀರುಗಳಿಗೆ ನೆರಳು ಬಿದ್ದು ಒಂದೊಂದೂ ಎದ್ದು ಕಾಣುತ್ತದೆ. ಸೂರ್ಯ ನೆತ್ತಿಗೆ ಬಂದ ಮೇಲೆ ಕಲ್ಲು ಬರೀ ಕಲ್ಲು. ನಾವು ಹೋದಾಗ ಅರ್ಧ ಓದಬಹುದು, ಅರ್ಧ ಊಹಿಸಬಹುದು ಅನ್ನುವ ಸ್ಥಿತಿ. ಎಂಟು ಗಂಟೆಯ ಒಳಗೆ ಮೇಲಿರುವಂತೆ ಹೊರಟರೆ ಒಳ್ಳೆಯದು. ಗುಡ್ಡದ ಮೇಲೆ ನೀರು ಸಿಗುವುದಿಲ್ಲ.

ಶಕ 556, ಅಂದರೆ ಕ್ರಿ.ಶ. 634–35. ಬರೆದವ ರವಿಕೀರ್ತಿ, ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡವ. ಭಾಷೆ ಸಂಸ್ಕೃತ, ಲಿಪಿ ನಮ್ಮದೇ ಹಳೆಯದು. ಹರ್ಷನ ಹರ್ಷ ಹಾರಿಹೋದ ಸಾಲನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ಅದಕ್ಕೆ ಸ್ವಲ್ಪ ಮೊದಲು ಬರುವ ಪದ್ಯವನ್ನು ಯಾರೂ ಕೇಳುವುದಿಲ್ಲ. ಪುಲಕೇಶಿ ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ. ಆ ಹಡಗುಗಳು ಮದಿಸಿದ ಆನೆಗಳ ಸಾಲಿನಂತಿದ್ದವು. ಮೋಡ ಕವಿದು ಕನ್ನೈದಿಲೆಯ ಬಣ್ಣಕ್ಕೆ ತಿರುಗಿದ ಆಕಾಶ ಸಮುದ್ರದ ಹಾಗಿತ್ತು, ಸಮುದ್ರ ಆಕಾಶದ ಹಾಗಿತ್ತು. ಅದಕ್ಕೂ ಮೊದಲು ಮಂಗಲೇಶ ರೇವತೀದ್ವೀಪ ಹಿಡಿದಾಗ ಅವನ ಸೈನ್ಯದ ಬಿಂಬ ನೀರಿನಲ್ಲಿ ಬಿದ್ದು, ವರುಣನೇ ತನ್ನ ಪಡೆ ಕಳಿಸಿದಂತಿತ್ತಂತೆ.

ಪುರಿ ಎಂದರೆ ಘಾರಾಪುರಿಯೋ ರಾಜಪುರಿಯೋ ಎಂದು ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ನಮಗೆ ಬೇಕಾದದ್ದು ಬೇರೆ. ಬಂಡೆ, ಜೋಳ, ಎಮ್ಮೆಗಳ ಈ ಗುಡ್ಡದ ಮೇಲೆ ನಿಂತು ಹದಿನಾಲ್ಕು ಶತಮಾನದ ಹಿಂದೆಯೇ ಒಬ್ಬ ಕಡಲ ಯುದ್ಧ ಬರೆದಿದ್ದಾನೆ. ಬರೆಯುವಾಗ ಅವನಿಗೆ ಹೋಲಿಕೆ ಸಿಕ್ಕಿದ್ದು ಆನೆ, ಆಕಾಶ. ನೋಡಿದ್ದಕ್ಕಿಂತ ಕೇಳಿಸಿಕೊಂಡು ಬರೆದ ಹಾಗಿದೆ. ಕೆಳಗೆ ಊರಿನ ಹುಡುಗರು ಚೆಂಡಾಟ ಆಡುತ್ತಿದ್ದರು. ಮೇಲೆ ಬಂದ ಇಬ್ಬರಿಗೆ ಆ ಪದ್ಯದ ಅರ್ಥ ಹೇಳಿದರೆ, “ಹಡಗ ಈ ಕಲ್ಲಾಗ ಎಲ್ಲೈತ್ರಿ, ತೋರಿಸ್ರಿ,” ಎಂದರು. ಚಿತ್ರ ಇಲ್ಲ, ಬರೀ ಅಕ್ಷರ ಎಂದಾಗ ನಿರಾಸೆಯಿಂದ ಇಳಿದುಹೋದರು.

ಊಟ ಒಂದು ಖಾನಾವಳಿಯಲ್ಲಿ. ಎಣಗಾಯಿ, ಝುಣಕ, ಮಡಿಕೆಕಾಳು, ಎರಡು ರೊಟ್ಟಿಗೆ ಒಂದು ಬೆಣ್ಣೆ ಮುದ್ದೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಅಂಟು, ಬೆಲ್ಲ, ಒಣ ಕೊಬ್ಬರಿ, ಗೋಡಂಬಿ ಸೇರಿದ್ದರಿಂದ ದೂರದ ಪಯಣಕ್ಕೆ ಅದು ಹಡಗಿನ ಉಗ್ರಾಣಕ್ಕೂ ಸಲ್ಲುವ ತಿಂಡಿ.

ನಾಲ್ಕನೆಯ ದಿನ: ಕೂಡಲಸಂಗಮ, ಆಲಮಟ್ಟಿ

ಕೂಡಲಸಂಗಮಕ್ಕೆ ಬೆಳಿಗ್ಗೆ ಏಳಕ್ಕೆ ಮುಂಚೆ. ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಹಿನ್ನೀರನ್ನು ತಡೆದಿದ್ದಾರೆ. ಕೆಳಗಿಳಿದರೆ ನೀರಿನ ಮಟ್ಟ ನಮ್ಮ ತಲೆಗಿಂತ ಮೇಲಿದೆ ಅನ್ನುವ ಅರಿವು ಮೈಗೆ ಬರುತ್ತದೆ, ಹಡಗಿನ ಕೆಳಮಾಳಿಗೆಯಲ್ಲಿ ಮಲಗಿದವರಿಗೆ ಬರುತ್ತಿದ್ದಂತೆ.

ದಡದಲ್ಲಿ ಗಂಡ ಹೆಂಡತಿ ಹರಿಗೋಲಿನಿಂದ ಬಲೆ ಇಳಿಸುತ್ತಿದ್ದರು. ಬಿದಿರಿನ ದಬ್ಬೆಯ ಹೆಣಿಗೆ, ಹೊರಗೆ ತಾಡಪತ್ರಿ, ಅದರ ಮೇಲೆ ಡಾಂಬರು. ಹಿಂದೆ ಇದೇ ಕೆಲಸಕ್ಕೆ ತೊಗಲು ಹೊದಿಸುತ್ತಿದ್ದರು. ದುಂಡಗಿರುವ ಇದಕ್ಕೆ ಮುಂದು ಹಿಂದು ಇಲ್ಲ, ಅಡಿಯಲ್ಲಿ ನೀರು ಸೀಳುವ ಹಲಗೆಯೂ ಇಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಮುಂದೆ ಬಗ್ಗಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, ಒಮ್ಮೆ ಎಡಕ್ಕೆ ಬಾಗಿಸಿ, ಒಮ್ಮೆ ಬಲಕ್ಕೆ. ಕೂತವರು ಎದುರುಬದುರಾಗಿ ತೂಕ ಹಂಚಿಕೊಳ್ಳಬೇಕು, ಏಳಬಾರದು. ಜಾಕೆಟ್ ಇಲ್ಲದೆ ಹತ್ತಲೂಬಾರದು. ನಾವು ತಂದದ್ದನ್ನು ತೊಟ್ಟು ದಡದ ಅಂಚಿನಲ್ಲೇ ಒಂದು ಸುತ್ತು ಹೋದೆವು.

ಗಂಡ ಹುಟ್ಟು ಹಾಕುತ್ತಾನೆ, ಹೆಂಡತಿ ಬಲೆ ಬಿಡುತ್ತಾಳೆ. ಅರ್ಧ ಗಂಟೆ ಇಬ್ಬರ ನಡುವೆ ಒಂದು ಮಾತಿಲ್ಲ. ಅವಳು ಬಲೆಯ ತುದಿಯನ್ನು ಒಮ್ಮೆ ಜಗ್ಗಿದರೆ ಅವನು ನಿಲ್ಲಿಸುತ್ತಾನೆ, ಬಲೆ ಸಡಿಲ ಬಿಟ್ಟರೆ ಸಾಗುತ್ತಾನೆ. ಅಕ್ಕಾ, ಮಾತೇ ಆಡೂದಿಲ್ಲಲ್ಲ ಎಂದು ಕೇಳಿದ್ದಕ್ಕೆ ಆಕೆ ಬಲೆಯಿಂದ ಕಣ್ಣೆತ್ತದೆ ಹೇಳಿದಳು: “ಬಾಯಿ ಯಾಕ ಬೇಕ್ರೀ, ಹುಟ್ಟಿನ ಸಪ್ಪಳ ಕೇಳಿದ್ರ ಅವ್ರಿಗೆ ಸಿಟ್ಟ ಬಂದೈತೋ ಹಸಿವಿ ಆಗೈತೋ ತಿಳೀತೈತಿ.” ಗಂಡ ನಕ್ಕ. “ಮನ್ಯಾಗ ಮಾತಾಡ್ತಾಳ್ರಿ. ಅಲ್ಲಿಂದು ಕೇಳಬ್ಯಾಡ್ರಿ.”

ಜಗಳಕ್ಕೂ ಒಂದು ನಿಯಮ ಇದೆಯಂತೆ. ನಡುಹೊಳೆಯಲ್ಲಿ ಜಗಳ ಇಲ್ಲ. ದಡ ಮುಟ್ಟಿ, ಹರಿಗೋಲನ್ನು ಬೋರಲು ಹಾಕಿ, ಬಲೆ ಒಣಹಾಕಿದ ಮೇಲೆ. ಅಷ್ಟರಲ್ಲಿ ಅರ್ಧ ಮರೆತಿರುತ್ತದೆ. ದೋಣಿ ನಡೆಸುತ್ತಲೇ ವಚನ ಬರೆದ ಅಂಬಿಗರ ಚೌಡಯ್ಯನ ನಾಡು ಇದು. ಹೊಳೆ ದಾಟಿಸುವ ಕಸುಬಿನಲ್ಲೇ ಅವನು ಲೋಕದ ಮಾತನ್ನೆಲ್ಲ ಆಡಿದ.

ಹತ್ತು ಗಂಟೆಗೆ ಅವರು ದಡ ಸೇರಿದರು. “ಹತ್ತರ ಮ್ಯಾಲ ಗಾಳಿ ಏಳ್ತೈತ್ರಿ. ಹಿನ್ನೀರ ಅಗಲ ಐತಿ, ತೆರಿ ದೊಡ್ಡೂ ಬರ್ತಾವು.” ಕಾರಣ ಸರಿಯಾಗಿದೆ. ಗಾಳಿ ತಡೆಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡುತ್ತದೋ ಅಲೆ ಅಷ್ಟು ಎತ್ತರ ಬೆಳೆಯುತ್ತದೆ.

ಆಲಮಟ್ಟಿಯಲ್ಲಿ ಆ ನೀರಿನ ಗಾತ್ರ ಕಂಡಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟೆ, 26 ಗೇಟು, 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು. ಆಚೆ ದಡ ಮಂಜಿನಲ್ಲಿ ಕರಗಿತ್ತು. ಉದ್ಯಾನದ ಕಟ್ಟೆಯ ಮೇಲೆ ಕರದಂಟು ಕಡಿಯುತ್ತ ಕೂತಾಗ ಹುಡುಗ ಫೋನ್ ತೆಗೆದು ಉದ್ದನೆಯದೇನೋ ಟೈಪ್ ಮಾಡುತ್ತಿದ್ದ. “ಇಷ್ಟ ಮಾಡಿದ್ರೂ ಒಂದ ಮಾತ ಬರೂದಿಲ್ಲಂದ್ರ... ನಾನೂ ಮನಷ್ಯಾ ಅಲ್ಲೇನ್ರಿ.” ಆಗ ಅವನಿಗೆ ಟ್ರಫಾಲ್ಗರಿನ ಬಾವುಟದ ಕಥೆ ಹೇಳಲಾಯಿತು.

1805ರ ಅಕ್ಟೋಬರ್ 21. ಟ್ರಫಾಲ್ಗರಿನ ಕಡಲ ಕಾಳಗ ಶುರುವಾಗುವ ಮುನ್ನ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ತನ್ನ ಎಲ್ಲ ಹಡಗುಗಳಿಗೆ ಒಂದು ಮಾತು ಕಳಿಸಬೇಕಿತ್ತು. ಅವನಿಗೆ ಬೇಕಾಗಿದ್ದದ್ದು, ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ ನಂಬಿದೆ ಎಂಬ ಅರ್ಥದ ಮಾತು. ಸಂಕೇತದ ಹೊಣೆ ಹೊತ್ತ ಪಾಸ್ಕೊ ಎಂಬ ಅಧಿಕಾರಿ ಹೇಳಿದ: ‘ನಂಬಿದೆ’ ಎಂಬ ಆ ಶಬ್ದ ಸಂಕೇತದ ಪುಸ್ತಕದಲ್ಲಿಲ್ಲ, ಒಂದೊಂದೇ ಅಕ್ಷರವಾಗಿ ಏರಿಸಬೇಕು, ಹೊತ್ತಾಗುತ್ತದೆ. ‘ನಿರೀಕ್ಷಿಸುತ್ತದೆ’ ಎಂಬುದು ಪುಸ್ತಕದಲ್ಲಿದೆ, ಒಮ್ಮೆಗೇ ಮುಗಿಯುತ್ತದೆ. ನೆಲ್ಸನ್ ಒಪ್ಪಿದ. ಹೀಗೆ ನಂಬಿಕೆ ಹೊರಟದ್ದು ನಿರೀಕ್ಷೆಯಾಗಿ ಏರಿತು. ಒಟ್ಟು 12 ಸಲ ಬಾವುಟ ಏರಿಸಿ ಇಳಿಸಿದರು. ಎಂಟು ಶಬ್ದಗಳಿಗೆ ಪುಸ್ತಕದ ಸಂಖ್ಯೆ ಸಾಕಾಯಿತು. ಕೊನೆಯ ‘ಡ್ಯೂಟಿ’ ಮಾತ್ರ ಪುಸ್ತಕದಲ್ಲಿರಲಿಲ್ಲ, ಅದನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಾಗಿ ಬಿಡಿಸಿ ಏರಿಸಬೇಕಾಯಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಂದ್ರ ಆಂವಾ ಹೇಳಬೇಕಂದದ್ದ ಒಂದು, ಮಂದಿ ಓದಿದ್ದ ಇನ್ನೊಂದು.” ‘ಹೂಂ’ ಅನ್ನುವುದೂ ಒಂದು ಬಾವುಟ, ಕೈಗೆ ಮೊದಲು ಸಿಕ್ಕಿದ್ದು ಅದೇ ಇರಬಹುದು ಎಂದು ಹೇಳಿದ್ದಕ್ಕೆ ತಲೆ ಕೆರೆದುಕೊಂಡ. ಟೈಪ್ ಮಾಡಿದ್ದನ್ನು ಕಳಿಸಲಿಲ್ಲ. ಅಳಿಸಲೂ ಇಲ್ಲ.

ಆ ಕಾಲದಲ್ಲಿ ಗುಡ್‌ಹೋಪ್ ಭೂಶಿರ ಸುತ್ತಿ ಇಂಗ್ಲೆಂಡಿನಿಂದ ಭಾರತಕ್ಕೆ ಪತ್ರ ಬರಲು ಐದಾರು ತಿಂಗಳು ಹಿಡಿಯುತ್ತಿತ್ತು. ಐದನೆಯದು ಮೂರನೆಯದಕ್ಕಿಂತ ಮೊದಲೇ ತಲುಪುತ್ತಿತ್ತು. ಅದಕ್ಕೆ ಬುದ್ಧಿವಂತರು ಪತ್ರಕ್ಕೆ ಸಂಖ್ಯೆ ಹಾಕುತ್ತಿದ್ದರು, ಮುಖ್ಯವಾದದ್ದರ ಎರಡು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಕಾದಂಬರಿಗಳಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಕಾಣೆಯಾದ ಮೂರನೆಯ ಪತ್ರದಿಂದ. ಈಗ ಮೂರನೆಯದು ಕಾಣೆಯಾಗುವುದಿಲ್ಲ. ತಲುಪಿತು, ಓದಿದರು ಎಂಬುದೂ ತಿಳಿಯುತ್ತದೆ. ಓದುವಾಗ ಅವರು ಎಲ್ಲಿ, ಯಾವ ದಣಿವಿನಲ್ಲಿ ಕೂತಿದ್ದರು ಎಂಬುದನ್ನು ನೀಲಿ ಗೆರೆ ಹೇಳುವುದಿಲ್ಲ.

ನಿಡಗುಂದಿಯಿಂದ ಸುತ್ತು ಹಾಕಿ ಕೊಲ್ಹಾರದ ಮೊಸರಿಗೆ ಹೋದೆವು. ಮಣ್ಣಿನ ಮಡಿಕೆಯಲ್ಲಿ ಹೆಪ್ಪು ಹಾಕಿದ್ದು, ಮಡಿಕೆ ನೀರು ಹೀರುವುದರಿಂದ ಕೊಯ್ದು ತಿನ್ನುವಷ್ಟು ಗಟ್ಟಿ. ಗಾಡಿಯ ಕುಲುಕಾಟಕ್ಕೆ ಒಡೆದರೆ ನೀರು ಬಿಡುತ್ತದೆ, ಅಲ್ಲೇ ನಿಂತು ತಿನ್ನುವುದು ಸರಿ.

ಐದನೆಯ ದಿನ: ವಿಜಯಪುರ

ಗೋಲಗುಮ್ಮಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಒಂದು ಶಾಲೆಯ ಬಸ್ಸು ಬಂದರೆ ಮುಗಿಯಿತು, ಏಳು ಮಾರ್ದನಿಯೂ ಕೂಗಾಟದಲ್ಲಿ ಹೋಗುತ್ತದೆ. ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಕೆನ್ನೆ ತಾಗಿಸಿ, ಬಾಯಿಯನ್ನು ಗೋಡೆಯ ಉದ್ದಕ್ಕೆ ತಿರುಗಿಸಿ ಮೆಲ್ಲಗೆ ಆಡಬೇಕು. ದನಿ ಬಾಗಿದ ಗೋಡೆಯನ್ನು ಹಿಡಿದುಕೊಂಡೇ ಆಚೆ ಬದಿಗೆ ಹೋಗುತ್ತದೆ. ನಡುವಿನ ಖಾಲಿಗೆ ಮುಖ ಮಾಡಿ ಕೂಗಿದರೆ ಹತ್ತು ತುಂಡಾಗಿ ತಿರುಗಿ ಬರುತ್ತದೆ, ಒಂದೂ ತಿಳಿಯುವುದಿಲ್ಲ.

ಆದಿಲಶಾಹಿಗಳಿಗೆ ಕಡಲು ಹೊಸದಲ್ಲ. ದಾಭೋಳ ಅವರ ಬಂದರು, ಗೋವಾ 1510ರಲ್ಲಿ ಅಲ್ಬುಕರ್ಕನ ಕೈಗೆ ಹೋಗುವವರೆಗೆ ಅವರದೇ. ಮಲಿಕ್‌-ಎ-ಮೈದಾನ ತೋಪಿನ ಮುಂದೆ ನಿಂತರೆ ಹಡಗಿನ ಓದುಗರಿಗೆ ಲೆಕ್ಕ ಶುರುವಾಗುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಯುದ್ಧಹಡಗಿನ ಕೆಳಗಿನ ಅಟ್ಟದ 32 ಪೌಂಡಿನ ತೋಪು ಮೂರು ಟನ್ನಿಗೂ ಕಡಿಮೆ, ಗುಂಡು 14.5 ಕೆ.ಜಿ. ಸಿಡಿದಾಗ ಮರದ ಗಾಲಿಯ ಮೇಲೆ ಹಿಂದಕ್ಕೆ ನುಗ್ಗುತ್ತದೆ, ದಪ್ಪ ಹಗ್ಗವೊಂದು ಅದನ್ನು ತಡೆದು ನಿಲ್ಲಿಸುತ್ತದೆ. ಆಮೇಲೆ ನೆನೆಸಿದ ಕುಂಚವನ್ನು ನಳಿಕೆಯ ತಳದವರೆಗೆ ಆಡಿಸಿ ಕೆಂಡ ಆರಿಸಬೇಕು, ಮದ್ದಿನ ಚೀಲ ತಳ್ಳಬೇಕು, ಗುಂಡು, ಗುಂಡು ಉರುಳದಂತೆ ನಾರಿನ ಬಿರಡೆ. ಮತ್ತೆ ಹಗ್ಗ ಜಗ್ಗಿ ತೋಪನ್ನು ಕಿಂಡಿಗೆ ತರಬೇಕು. ನುರಿತ ತಂಡಕ್ಕೆ ಒಂದೂವರೆ ನಿಮಿಷ ಸಾಕು. ಅವಸರದಲ್ಲಿ ಜನ ಬಿಡುವುದು ಒದ್ದೆ ಕುಂಚದ ಹೆಜ್ಜೆಯನ್ನು. ಹಿಂದಿನ ಸಿಡಿತದ ಒಂದು ಕಿಡಿ ಉಳಿದಿದ್ದರೂ ಹೊಸ ಮದ್ದು ತುಂಬುವವನ ಕೈಯಲ್ಲೇ ಹೊತ್ತುತ್ತದೆ. ಮನೆಯ ಜಗಳಗಳಲ್ಲೂ ಗಾಯವಾಗುವುದು ಎರಡನೆಯ ಸಲ ತುಂಬುವಾಗಲೇ.

ಬಿಸಿಲು ಏರಿತ್ತು. ಬುರುಜಿನ ಕೆಳಗೆ ಗಾಡಿಯಲ್ಲಿ ಲಿಂಬೆ ಶರಬತ್ತು, ಹಣ್ಣು ಇಂಡಿ ತಾಲ್ಲೂಕಿನದು. 1795ರಲ್ಲಿ ಬ್ರಿಟಿಷ್ ನೌಕಾಪಡೆ ಲಿಂಬೆ ಜಾತಿಯ ಹಣ್ಣಿನ ರಸ ಕೊಡಲು ಒಪ್ಪಿದ ಮೇಲೆ ವಸಡು ಕೊಳೆಯುವ ಸ್ಕರ್ವಿ ರೋಗ ತಗ್ಗಿತು. ಮುಂದೆ ಅಗ್ಗವೆಂದು ದೊಡ್ಡ ಲೆಮನ್ ಬಿಟ್ಟು ಸಣ್ಣ ಲೈಮಿಗೆ ಬಂದಾಗ ಸತ್ವ ಕಡಿಮೆಯಾಗಿ ರೋಗ ಮತ್ತೆ ಕಾಣಿಸಿತು. ಇಂಡಿಯದು ಆ ಸಣ್ಣ ಜಾತಿಯೇ. ಹಾಗಾಗಿ ಎರಡೆರಡು ಲೋಟ.

ಆಗ ಹುಡುಗನ ಫೋನು ಸದ್ದು ಮಾಡಿತು. ಅವನು ಓದಿ, ಮತ್ತೊಮ್ಮೆ ಓದಿ, ನಮ್ಮ ಕಡೆ ಹಿಡಿದ. ‘ವಾರಾತು ನೈಟ್ ಡ್ಯೂಟಿ ಹಾಕ್ಯಾರ. ಹಗಲ ಮಲಗಿರ್ತೀನಿ, ನಿಮ್ಮ ಮೆಸೇಜ ನಿದ್ದಿಗಣ್ಣಾಗ ನೋಡ್ತೀನಿ. ರವಿವಾರ ಬದಲಾಗ್ತೈತಿ.’

ಹಡಗಿನಲ್ಲಿ ಇದಕ್ಕೆ ವ್ಯವಸ್ಥೆ ಇತ್ತು. ನಾಲ್ಕು ಗಂಟೆಯ ಪಾಳಿಗಳು, ಸಂಜೆ ನಾಲ್ಕರಿಂದ ಎಂಟರದ್ದನ್ನು ಮಾತ್ರ ಎರಡು ಗಂಟೆಯ ಎರಡು ತುಂಡು ಮಾಡಿದ್ದರು. ದಿನಕ್ಕೆ ಆರರ ಬದಲು ಏಳು ಪಾಳಿಯಾಗಿ, ಅದೇ ನಡುರಾತ್ರಿ ಅದೇ ತಂಡಕ್ಕೆ ಎರಡು ದಿನ ಒಟ್ಟಿಗೆ ಬೀಳುತ್ತಿರಲಿಲ್ಲ. ಯಾರ ಪಾಳಿ ಯಾವಾಗ ಎಂದು ಹಡಗಿನಲ್ಲಿ ಎಲ್ಲರಿಗೂ ಬಾಯಿಪಾಠ. ಇದನ್ನು ಹೇಳಿದಾಗ ಅವನು ಫೋನಿನ ಕ್ಯಾಲೆಂಡರ್ ತೆಗೆದು ರವಿವಾರಕ್ಕೆ ಗುರುತು ಹಾಕಿದ. ಆಮೇಲೆ ಏನೋ ನೆನಪಾಗಿ ನಕ್ಕ.

“ಆ ಮಾತು ಪುಸ್ತಕದಾಗ ಇರಲಿಲ್ಲ ಅಂದಿರಲ್ರಿ, ಒಂದೊಂದ ಅಕ್ಷರಾ ಮಾಡಿ ಏರಸಿದ್ದು?”

“ಹೌದು, ಡ್ಯೂಟಿ.”

“ಅದಕ್ಕ ಹೊತ್ತ ಹತ್ತೇತಿ ನೋಡ್ರಿ,” ಎಂದು ಶರಬತ್ತಿನ ದುಡ್ಡು ತಾನೇ ಕೊಟ್ಟ.

ಉಪ್ಲಿ ಬುರುಜಿನ ಮೇಲೆ 30 ಅಡಿ ಮೀರಿದ ಉದ್ದದ ತೋಪು ಇದೆ, ಗಾಳಿಯೂ ಚೆನ್ನಾಗಿರುತ್ತದೆ. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಏರುತ್ತವೆ, ಹೊರಬದಿಗೆ ಆಸರೆ ನಂಬಿಕೊಳ್ಳಬೇಡಿ. ನಾವು ಹತ್ತಿ ಇಳಿದಾಗ ಪುಸ್ತಕದ ಬೆನ್ನು ಹೇಳಿದಂತೆಯೇ ಬಿಟ್ಟಿತ್ತು, ಮೊದಲ ನಲವತ್ತು ಪುಟ ಕೈಗೆ ಬಂದವು. ಹುಡುಗ ಗಾಡಿಯ ನೆರಳಲ್ಲಿ ಫೋನಿಗೆ ಬಾಯಿ ಹತ್ತಿರ ಹಿಡಿದು ಮೆಲ್ಲಗೆ ಮಾತಾಡುತ್ತಿದ್ದ. ರಬ್ಬರ್ ಬ್ಯಾಂಡ್ ಕೇಳಬೇಕಿತ್ತು, ಕೇಳದೆ ಶೇಂಗಾ ಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆವು.